ಒಲೆಗೆ ಹಾಕದ ಹಾವು

ಬಾಳಗಡಿಯಲ್ಲಿ ಅಡಿಕೆ ಸುಲಿಯುವ ಕಾಲ. ಕೊಪ್ಪ ಪೇಟೆಯ ಮಗ್ಗುಲಿಗಿರುವ ಈ ಊರಿನ ಒಂದು ಮನೆಯ ಹಿತ್ತಲ ಚಪ್ಪರದಲ್ಲಿ ಮೆಟ್ಟುಗತ್ತಿಗಳು ಸಾಲಾಗಿ ನಿಂತಿವೆ. ಅಡಿಕೆ ಬೇಯಿಸಿದ ಹಂಡೆಯಿಂದ ಚೊಗರಿನ ವಾಸನೆ ಅಂಗಳದ ತನಕ ಹಬ್ಬಿದೆ. ಸುಲಿಯಲು ಬಂದವರೆಲ್ಲ ಕತ್ತಲಾಗುವ ಮೊದಲೇ ಹೊರಟುಹೋಗಿದ್ದಾರೆ. ಉಳಿದ ಒಂದು ಬುಟ್ಟಿ ಕಾಯಿ ಮುಗಿಸದೆ ಏಳುವುದಿಲ್ಲವೆಂದು ಮನೆಯ ಅಮ್ಮಮ್ಮ ಮೆಟ್ಟುಗತ್ತಿಯ ಮೇಲೆ ಕೂತೇ ಇದ್ದಾರೆ. ಅವರಿಗೆ ಎಂಬತ್ತು ದಾಟಿದೆ. ಪಕ್ಕದ ಬೆಂಚಿನ ಮೇಲೆ ಅಜ್ಜಯ್ಯ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದವರು. ಅವರ ಮೊಣಕಾಲಿನ ಮೇಲೊಂದು ಹಳೆಯ ರೋಕಡಿ ಪುಸ್ತಕ. ಅದರಲ್ಲಿ ಲೆಕ್ಕ ಇಲ್ಲ. ಪೇಪರಿನಿಂದ ಕತ್ತರಿಸಿ ಮೈದಾ ಅಂಟಿನಲ್ಲಿ ಅಂಟಿಸಿದ ವ್ಯಂಗ್ಯಚಿತ್ರಗಳಿವೆ. ಅರ್ಧ ಚಿತ್ರಗಳ ಅಂಚನ್ನು ಹುಳು ತಿಂದಿದೆ.

ಶಿವಮೊಗ್ಗದಲ್ಲಿ ಓದುವ ಮೊಮ್ಮಗಳು ಮಧ್ಯಾಹ್ನದ ಬಸ್ಸಿಗೆ ಬಂದಿದ್ದಾಳೆ. ಅವಳ ಕೈಯಲ್ಲೊಂದು ಸುತ್ತಿದ ಡ್ರಾಯಿಂಗ್ ಶೀಟು.

“ತೋರ್ಸು ಮಾರಾಯ್ತಿ. ಬಂದಾಗಿಂದ ಅದನ್ನ ಸುತ್ಕೊಂಡೇ ಕೂತಿದೀಯಲ್ಲ,” ಎಂದರು ಅಜ್ಜಯ್ಯ.

ಹಾಳೆ ಬಿಚ್ಚಿಕೊಂಡಿತು. ಒಂದು ಅಡಿಕೆ ತೋಟ. ಒಂದೊಂದು ಮರದ ತುದಿಯಲ್ಲಿ ಒಂದೊಂದು ಪಕ್ಷದ ಬಾವುಟ. ಖಾದಿ ಜುಬ್ಬ ಹಾಕಿದ ಮುಸಿಯಗಳು ಕಂಕುಳಲ್ಲಿ ಅಡಿಕೆ ಗೊನೆ ಇರುಕಿಕೊಂಡು ಮರದಿಂದ ಮರಕ್ಕೆ ನೆಗೆಯುತ್ತಿವೆ. ಒಂದು ಮಾತ್ರ ನೆಲಕ್ಕಿಳಿದು, ಬಾಲ ಎಳೆದುಕೊಂಡು, ಮುಂದಿನ ಮರ ಯಾವುದೆಂದು ನೋಡುತ್ತ ನಡೆದಿದೆ. ಪಕ್ಷಾಂತರದ ಮೇಲೆ ಬರೆದ ಈ ಚಿತ್ರ ಅವಳ ಕಾಲೇಜಿನ ಭಿತ್ತಿಪತ್ರಿಕೆಯಲ್ಲಿ ಎರಡು ದಿನ ಇತ್ತು. ಮೂರನೆಯ ದಿನ ಯಾರೋ ಫೋನು ಮಾಡಿದರಂತೆ, ಯಾರೋ ತೆಗೆಯಲು ಹೇಳಿದರಂತೆ. ಹಾಳೆ ಅವಳ ಕೈಗೆ ವಾಪಸು ಬಂತು. ಆದರೆ ಹೋದ ಹಾಗೆ ಬರಲಿಲ್ಲ. ಅಂಚಿನಲ್ಲಿ ಮೂರು ಬೇರೆ ಬೇರೆ ಕೈಬರಹಗಳಿದ್ದವು. ಒಬ್ಬರು ‘ನಮ್ಮ ನಾಯಕರಿಗೆ ಅವಮಾನ’ ಎಂದು ಬರೆದಿದ್ದರು. ಇನ್ನೊಬ್ಬರು ‘ಹನುಮಂತನಿಗೆ ಅವಮಾನ’ ಎಂದು. ಮೂರನೆಯದು ಪೆನ್ಸಿಲಿನಲ್ಲಿ, ಸಣ್ಣ ಅಕ್ಷರದಲ್ಲಿ: ‘ಬಾಲ ತಪ್ಪಾಗಿದೆ.’

ಅಜ್ಜಯ್ಯ ಕನ್ನಡಕ ಏರಿಸಿ ಪೆನ್ಸಿಲಿನ ಅಕ್ಷರದ ಮೇಲೆ ಬೆರಳಿಟ್ಟರು. “ಇವನು ನೋಡು, ನಿನ್ನ ಚಿತ್ರಾನ ನಿಜವಾಗಿ ನೋಡಿದವನು. ಮುಸಿಯ ನಡೆಯುವಾಗ ಬಾಲ ಎತ್ತಿಕೊಂಡಿರ್ತದೆ. ನೆಲಕ್ಕೆ ಎಳೀತದಾ? ಮುಖಾನೂ ಕೆಂಪಗೆ ಮಾಡಿದೀಯ. ಅದು ಮಂಗನ ಮುಖ. ಮುಸಿಯದ್ದು ಕಪ್ಪು. ತೋಟದ ಮನೆಯಲ್ಲಿ ಹುಟ್ಟಿ ಇದು ಗೊತ್ತಿಲ್ವಾ?”

“ಅಜ್ಜಯ್ಯ, ನನ್ನ ಚಿತ್ರಾನ ಗೋಡೆಯಿಂದ ಕಿತ್ತು ಹಾಕಿದಾರೆ. ನೀವು ಬಾಲದ ಮಾತಾಡ್ತೀರಲ್ಲ!”

“ಕಿತ್ತಿದ್ದು ತಪ್ಪೇ. ಆ ಮಾತಿಗೆ ಬರ್ತೀನಿ. ಅದಕ್ಕೂ ಮೊದಲು ನಿನ್ನ ಓದುಗರು ಯಾರು ಯಾರು ಅಂತ ತಿಳ್ಕೋಬೇಕು ನೀನು. ಈ ಮೂರು ಜನ ಒಂದೇ ಚಿತ್ರ ನೋಡಿಲ್ಲ. ಮೂರು ಚಿತ್ರ ನೋಡಿದಾರೆ.”

ಈ ಮಾತಿಗೆ ಅಮ್ಮಮ್ಮ ತಲೆ ಎತ್ತಿದರು. ಅವರಿಗೆ ಅಕ್ಷರ ಬರುವುದಿಲ್ಲ. ಅಂಚಿನಲ್ಲಿ ಏನು ಬರೆದಿದೆ ಎಂದು ಮೊಮ್ಮಗಳು ಓದಿ ಹೇಳಿದ ಮೇಲೆ, ಕೈಯ ಅಡಿಕೆ ಬುಟ್ಟಿಗೆ ಹಾಕಿ ಅವರು ತೆಗೆದದ್ದು ನಲವತ್ತೈದು ವರ್ಷಕ್ಕೂ ಹಿಂದಿನ ಸಂಗತಿ.

“ಇಂದ್ರಾಗಾಂಧಿ ಓಟಿಗೆ ನಿಂತಿದ್ಲಲ್ಲ, ಆ ವರ್ಷ ಹಾವಿನ ಚಿತ್ರ ಬಂದಿತ್ತು. ನೆನಪಿದ್ಯಾ ನಿಮಗೆ?”

ಆ ಕತೆ ಹೀಗೆ. 1977ರ ಚುನಾವಣೆಯಲ್ಲಿ ರಾಯ್‌ಬರೇಲಿಯಲ್ಲಿ ಸೋತ ಇಂದಿರಾ ಗಾಂಧಿ ಸಂಸತ್ತಿಗೆ ಮರಳಲು ಆರಿಸಿಕೊಂಡದ್ದು ಚಿಕ್ಕಮಗಳೂರು ಲೋಕಸಭಾ ಕ್ಷೇತ್ರವನ್ನು. ಡಿ.ಬಿ. ಚಂದ್ರೇಗೌಡರು ತಮ್ಮ ಸ್ಥಾನ ಬಿಟ್ಟುಕೊಟ್ಟರು. 1978ರ ನವೆಂಬರಿನ ಉಪಚುನಾವಣೆಯಲ್ಲಿ ಎದುರಾಳಿಯಾಗಿ ನಿಂತವರು ಮಾಜಿ ಮುಖ್ಯಮಂತ್ರಿ ವೀರೇಂದ್ರ ಪಾಟೀಲರು. ಜನತಾ ಪಕ್ಷದ ಪ್ರಚಾರಕ್ಕೆ ಜಾರ್ಜ್ ಫರ್ನಾಂಡಿಸ್ ಬಂದು ಠಿಕಾಣಿ ಹೂಡಿದರು. ದೇಶದ ಪತ್ರಕರ್ತರೆಲ್ಲ ಕಾಫಿ ನಾಡಿನ ಮಳೆಯಲ್ಲಿ ನೆನೆದರು. ಆಗ ಗೋಡೆಗಳ ಮೇಲೆ ಬಂದ ಜನತಾ ಪಕ್ಷದ ಪೋಸ್ಟರಿನಲ್ಲಿ ಹೆಡೆ ಎತ್ತಿದ ದೊಡ್ಡದೊಂದು ನಾಗರಹಾವು ಇತ್ತು. ತುರ್ತುಪರಿಸ್ಥಿತಿ ಹೇರಿದವರು ಮತ್ತೆ ಹೆಡೆ ಎತ್ತುತ್ತಿದ್ದಾರೆ, ಎಚ್ಚರ ಎಂಬುದು ಅದರ ಮಾತು. ಇಂದಿರಾ ಅವರ ಜೀವನಚರಿತ್ರೆ ಬರೆದವರು ಆ ಪೋಸ್ಟರನ್ನು ಮರೆಯದೆ ದಾಖಲಿಸಿದ್ದಾರೆ. ಹಾವು ಇಲ್ಲಿ ಪೂಜೆಗೊಳ್ಳುವ ದೇವರು, ಹಾಗಾಗಿ ಬೈಯಲು ಬರೆದ ಚಿತ್ರ ತಿರುಗುಬಾಣವಾಯಿತು ಎನ್ನುವುದನ್ನೂ ಸೇರಿಸಿದ್ದಾರೆ.

ಪುಸ್ತಕದಲ್ಲಿ ಅದು ಒಂದೆರಡು ಸಾಲು. ಅಮ್ಮಮ್ಮನ ಬಾಯಲ್ಲಿ ಅದಕ್ಕೊಂದು ಮನೆಯೇ ಇದೆ.

“ಬಸ್ ನಿಲ್ಲೋ ಕಡೆ ಗೋಡೆಗೆ ಅಂಟ್ಸಿದ್ರು. ಮಳೆ ಬಂದು ಅರ್ಧ ಕಿತ್ಕೊಂಡು ಕೆಸರಿಗೆ ಬಿದ್ದಿತ್ತು. ನಮ್ಮನೇಲಿ ಕೆಲಸಕ್ಕಿದ್ದ ಹುಡುಗ ಅದನ್ನ ಹೊತ್ಕೊಂಡು ಬಂದ, ಬಚ್ಚಲೊಲೆ ಹೊತ್ತಿಸಕ್ಕೆ ಆಗ್ತದೆ ಅಂತ. ನಮ್ಮತ್ತೆ ನೋಡಿದ್ರು. ‘ಅಯ್ಯೋ ಪಾಪಿ, ನಾಗರನ್ನ ಒಲೆಗೆ ಹಾಕ್ತಾರೇನೋ!’ ಅಂತ ಕೈಯಿಂದ ಕಿತ್ಕೊಂಡ್ರು. ಒರೆಸಿ, ಒಣಗ್ಸಿ, ಮಡಿಚಿ, ಅಟ್ಟದಲ್ಲಿ ಅಕ್ಕಿ ಕಣಜದ ಮೇಲಿಟ್ರು. ಅದರ ಮೇಲೆ ಏನು ಬರೆದಿದೆ ಅಂತ ನಮಗ್ಯಾರಿಗೂ ಗೊತ್ತಿರಲಿಲ್ಲ. ಹೆಡೆ ಕಾಣ್ತಿತ್ತು, ಅಷ್ಟೆ.”

“ಓಟು ಯಾರಿಗೆ ಹಾಕಿದ್ರಿ ಅಮ್ಮಮ್ಮ?”

“ಅದನ್ನ ಕೇಳಬಾರ್ದು.”

ಈ ಒಂದು ದೃಶ್ಯದ ಮುಂದೆ ಸ್ವಲ್ಪ ನಿಲ್ಲಬೇಕು. ಮಲೆನಾಡಿನಲ್ಲಿ ತೋಟದ ಮೂಲೆಯಲ್ಲಿ ನಾಗರಕಲ್ಲು ಇರುತ್ತದೆ. ಅದರ ಸುತ್ತಲಿನ ಮರಕ್ಕೆ ಯಾರೂ ಕತ್ತಿ ಹಾಕುವುದಿಲ್ಲ. ಸತ್ತ ನಾಗರ ಕಣ್ಣಿಗೆ ಬಿದ್ದರೆ ಮನುಷ್ಯರಿಗೆ ಮಾಡುವ ಹಾಗೆ ಸಂಸ್ಕಾರ ಮಾಡುವವರಿದ್ದಾರೆ. ಹಾವು ಅಂದರೆ ಭಯ ಇದೆ, ನಿಜ. ಆ ಭಯದ ಜೊತೆ ಕೈ ಮುಗಿಯುವುದೂ ಇದೆ. ಪೋಸ್ಟರು ಬರೆಸಿದವರು ಹಾವಿನಲ್ಲಿ ವಿಷ ಒಂದನ್ನೇ ಕಂಡರು. ಬಾಳಗಡಿಯ ಮುದುಕಿ ಹೆಡೆಯನ್ನು ಕಂಡರು. ಬರೆದವರು ಅರ್ಧ ಚಿತ್ರ ಕಳಿಸಿದ್ದರು. ಉಳಿದ ಅರ್ಧವನ್ನು ಆಕೆ ತನ್ನ ತೋಟದ ನಾಗರಕಲ್ಲಿನಿಂದ ತಂದು ತುಂಬಿದರು. ವ್ಯಂಗ್ಯಚಿತ್ರವನ್ನು ನೋಡುವ ಕ್ರಿಯೆ ಎಲ್ಲ ಕಡೆಯೂ ನಡೆಯುವುದು ಹೀಗೆಯೇ. ಹಾಗಾಗಿ ಓದುಗನ ಸಿಟ್ಟನ್ನು ‘ಅವನಿಗೆ ಅರ್ಥವಾಗಲಿಲ್ಲ’ ಎಂದು ತಳ್ಳಿಹಾಕುವುದು ಅವಸರದ ಮಾತು.

“ಆ ಪೋಸ್ಟರಿನಿಂದಲೇ ಇಂದಿರಾ ಗೆದ್ದಿದ್ದಾ ಹಾಗಾದ್ರೆ?” ಎಂದು ಮೊಮ್ಮಗಳು ಕೇಳಿದಳು.

“ಹಾಗೆ ಹೇಳಿದ್ರೆ ತಪ್ಪಾಗ್ತದೆ. ಎಪ್ಪತ್ತು ಸಾವಿರಕ್ಕೂ ಹೆಚ್ಚು ಮತದ ಅಂತರ ಅದು. ಭೂಸುಧಾರಣೆ ಇತ್ತು, ದೇವರಾಜ ಅರಸು ಇದ್ರು, ಹೆಂಗಸರ ಓಟು ಇತ್ತು. ಹಾವು ಬೇರೆ ಏನು ಮಾಡಿತೋ, ಒಂದಂತೂ ಖಂಡಿತ, ಬರೆದವರ ಕೆಲಸ ಮಾಡಲಿಲ್ಲ. ಅದೇ ಚುನಾವಣೆಯಲ್ಲಿ ಇಂದಿರಾ ಕಡೆಯವರ ಘೋಷಣೆ ನೋಡು, ‘ಏಕ್ ಶೇರ್‌ನಿ, ಸೌ ಲಂಗೂರ್, ಚಿಕ್ಕಮಗಳೂರ್, ಚಿಕ್ಕಮಗಳೂರ್.’ ಒಂದು ಹೆಣ್ಣು ಸಿಂಹ, ನೂರು ಮುಸಿಯ. ಇದೂ ವ್ಯಂಗ್ಯಚಿತ್ರವೇ, ಕುಂಚದ ಬದಲು ಬಾಯಲ್ಲಿ ಬರೆದದ್ದು. ಹಿಂದಿ ಬಾರದವರೂ ಕೂಗಿದ್ರು. ಮುಸಿಯದ ಕಾಟ ಗೊತ್ತಿದ್ದ ನಮಗೆ ಅದು ಥಟ್ಟನೆ ಹಿಡೀತು.”

“ಆಗ ಯಾರೂ ಹನುಮಂತನಿಗೆ ಅವಮಾನ ಅನ್ನಲಿಲ್ವಾ?”

ಅಜ್ಜಯ್ಯ ತಕ್ಷಣ ಉತ್ತರ ಕೊಡಲಿಲ್ಲ. ರೋಕಡಿ ಪುಸ್ತಕದ ಹಾಳೆ ತಿರುವಿದರು. “ನಾನು ಕೇಳಿದ ಹಾಗೆ, ಇಲ್ಲ,” ಎಂದರು.

ಗೆದ್ದ ಇಂದಿರಾ ಅವರನ್ನು ಡಿಸೆಂಬರಿನಲ್ಲಿಯೇ ಲೋಕಸಭೆ ಹೊರಹಾಕಿ ತಿಹಾರ್ ಜೈಲಿಗೆ ಕಳಿಸಿತು. ಹೆಡೆ, ಸಿಂಹಿಣಿ, ಮುಸಿಯ ಎಲ್ಲ ಎರಡು ತಿಂಗಳೊಳಗೇ ಹಳೆಯವಾದವು.

ಅಜ್ಜಯ್ಯನ ರೋಕಡಿ ಪುಸ್ತಕದ ಮೊದಲ ಹಾಳೆಗಳಲ್ಲಿ ‘ಕೊರವಂಜಿ’ಯ ಚಿತ್ರಗಳಿವೆ. ಬೆಂಗಳೂರಿನಲ್ಲಿ ಡಾಕ್ಟರರಾಗಿದ್ದ ರಾಶಿ, ಅಂದರೆ ಎಂ. ಶಿವರಾಂ, 1942ರಲ್ಲಿ ಶುರು ಮಾಡಿ 1967ರ ತನಕ ನಡೆಸಿದ ಮಾಸಪತ್ರಿಕೆ ಅದು. ಮೈಸೂರಿನ ಮಹಾರಾಜಾ ಕಾಲೇಜಿನ ಹುಡುಗ ಆರ್.ಕೆ. ಲಕ್ಷ್ಮಣ್ ಅದಕ್ಕೆ ಚಿತ್ರ ಬರೆಯುತ್ತಿದ್ದರು. ಮುಂದೆ ಮುಂಬೈಗೆ ಹೋಗಿ, ‘ಟೈಮ್ಸ್ ಆಫ್ ಇಂಡಿಯಾ’ದಲ್ಲಿ 1951ರಿಂದ ದಿನವೂ ಒಂದು ಪುಟ್ಟ ಚಿತ್ರ ಬರೆದು, ಚೌಕುಳಿ ಕೋಟಿನ ‘ಶ್ರೀಸಾಮಾನ್ಯ’ನನ್ನು ದೇಶದ ಎಲ್ಲ ಮನೆಗಳಿಗೂ ಕಳಿಸಿದವರು. ಲಕ್ಷ್ಮಣ್ ಶಾಲೆಯಲ್ಲಿದ್ದಾಗ ಮೇಷ್ಟ್ರು ಎಲೆ ಬರೆಯಿರಿ ಎಂದರಂತೆ. ಇವರು ಬರೆದ ಅರಳಿ ಎಲೆ ನೋಡಿ, ನೀನು ಮುಂದೆ ಚಿತ್ರಗಾರನಾಗುತ್ತೀ ಎಂದರಂತೆ. ಲಕ್ಷ್ಮಣರೇ ತಮ್ಮ ಆತ್ಮಕತೆಯಲ್ಲಿ ಬರೆದುಕೊಂಡ ಸಂಗತಿ ಇದು. ಅಜ್ಜಯ್ಯ ಇದನ್ನು ಮೂವತ್ತು ವರ್ಷ, ಪ್ರತಿ ಜೂನ್ ತಿಂಗಳಲ್ಲಿ, ಹೊಸ ಎಂಟನೆಯ ತರಗತಿಗೆ ಹೇಳಿದ್ದಾರೆ.

“ಶ್ರೀಸಾಮಾನ್ಯ ಯಾಕೆ ಬಾಯಿ ಬಿಡಲ್ಲ ಅಂತ ಯಾವತ್ತಾದ್ರೂ ಯೋಚನೆ ಮಾಡಿದೀಯಾ?” ಎಂದು ಕೇಳಿದರು. “ಮಂತ್ರಿ ಮಾತಾಡ್ತಾನೆ, ಮಂತ್ರಿ ಹೆಂಡತಿ ಮಾತಾಡ್ತಾಳೆ, ಪೊಲೀಸು, ಗುಮಾಸ್ತ ಎಲ್ಲ ಮಾತಾಡ್ತಾರೆ. ಇವನು ನಿಂತು ನೋಡ್ತಾನೆ. ಅಂದ್ರೆ ಓದುಗ ಚಿತ್ರದ ಒಳಗೇ ನಿಂತ ಹಾಗಾಯ್ತು. ಬಿ.ವಿ. ರಾಮಮೂರ್ತಿ ‘ಡೆಕ್ಕನ್ ಹೆರಾಲ್ಡ್’ನಲ್ಲಿ, ‘ಪ್ರಜಾವಾಣಿ’ಯಲ್ಲಿ ಬರೀತಿದ್ರಲ್ಲ, ಅವರದ್ದೂ ಅದೇ ದಾರಿ. ಬೆಳಿಗ್ಗೆ ಬಸ್ಸಿಗೆ ಪೇಪರ್ ಕಟ್ಟು ಬಂದ ಕೂಡ್ಲೆ ಅಂಗಡಿ ಕಟ್ಟೇಲಿ ಮೊದಲು ಓದ್ತಿದ್ದದ್ದು ಅದನ್ನೇ. ಒಬ್ಬ ಓದೋದು, ನಾಲ್ಕು ಜನ ಕೇಳೋದು. ಆಮೇಲೆ ಅರ್ಧ ಗಂಟೆ ವಾದ. ಅಡಿಕೆ ರೇಟು ನೋಡೋದು ಅದಾದ ಮೇಲೆ.”

ಮೊಮ್ಮಗಳು ನಕ್ಕಳು. “ಈಗ ಎಲ್ಲ ಒಬ್ಬೊಬ್ಬರೇ ಫೋನಲ್ಲಿ ನೋಡ್ತಾರೆ ಅಜ್ಜಯ್ಯ. ವಾದ ಮಾಡಕ್ಕೆ ಪಕ್ಕದಲ್ಲಿ ಯಾರೂ ಇರಲ್ಲ.”

ಇದು ಸಣ್ಣ ಬದಲಾವಣೆಯಲ್ಲ. ಕಟ್ಟೆಯ ಮೇಲೆ ಚಿತ್ರ ನೋಡಿ ಸಿಟ್ಟಾದವನ ಪಕ್ಕದಲ್ಲಿ ನಕ್ಕವನೊಬ್ಬ ಇರುತ್ತಿದ್ದ. ಇಬ್ಬರೂ ಒಂದೇ ಲೋಟದ ಕಾಫಿಯನ್ನು ಹಂಚಿಕೊಂಡು, ಯಾಕೆ ನಕ್ಕೆ, ಯಾಕೆ ಸಿಟ್ಟಾದೆ ಎಂದು ಹೇಳಿಕೊಳ್ಳಲೇಬೇಕಿತ್ತು. ಆ ಪಕ್ಕದವನು ಈಗ ಇಲ್ಲ. ಸಿಟ್ಟು ತನ್ನಂಥದೇ ಸಿಟ್ಟುಗಳನ್ನು ಹುಡುಕಿಕೊಂಡು ಹೋಗುತ್ತದೆ.

“ಒಂದು ವಿಷಯ ಹೇಳ್ಳಾ?” ಎಂದರು ಅಜ್ಜಯ್ಯ, ಸ್ವಲ್ಪ ಸಂಕೋಚದಿಂದ. “ನಾನೂ ಒಂದು ಸಲ ಸಿಟ್ಟಾಗಿದ್ದೆ. 1996ರಲ್ಲಿ ದೇವೇಗೌಡರು ಪ್ರಧಾನಿ ಆದ್ರಲ್ಲ. ಡೆಲ್ಲಿ, ಬಾಂಬೆ ಪೇಪರಿನವರು ಅವರು ತೂಕಡಿಸ್ತಾ ಇರೋ ಹಾಗೇ ಬರೆದ್ರು. ನನಗೆ ಹೊಟ್ಟೆ ಉರೀತು. ಹೊಲದಲ್ಲಿ ಮೈ ಮುರಿದು ದುಡಿಯೋ ಜಾತಿಯಿಂದ ಒಬ್ಬ ಅಲ್ಲಿಗೆ ಹೋದ್ರೆ ಇವರಿಗೆ ಕಾಣೋದು ನಿದ್ದೆ ಒಂದೇನಾ ಅಂತ ಒಂದು ಪತ್ರಿಕೆಗೆ ಎರಡು ಪುಟ ಕಾಗದ ಬರೆದೆ.”

“ಹಾಕಿದ್ರಾ?”

“ಇಲ್ಲ. ಹಾಕದೇ ಇದ್ದದ್ದು ಬೇಜಾರಾಯ್ತು. ಆಮೇಲೆ ಈ ಪುಸ್ತಕ ತೆಗೆದು ನೋಡಿದೆ. ಅವರಿಗಿಂತ ಮೊದಲು ಪ್ರಧಾನಿ ಆಗಿದ್ದ ನರಸಿಂಹರಾಯರ ಚಿತ್ರಗಳಿದ್ವು. ತುಟಿ ಮುಂದೆ ಚಾಚಿ, ಮುಖ ಗಂಟಿಕ್ಕಿ ಬರೆದದ್ದು. ಒಂದಲ್ಲ, ಹನ್ನೊಂದು ಅಂಟಿಸಿದ್ದೆ. ಎಲ್ಲದಕ್ಕೂ ಹೊಟ್ಟೆ ಹಿಡ್ಕೊಂಡು ನಕ್ಕಿದ್ದೆ. ತೆಲುಗಿನವನಿಗೆ ಅವತ್ತು ಹೇಗನಿಸಿರಬಹುದು ಅಂತ ನನಗೆ ಹೊಳೆದಿರಲೇ ಇಲ್ಲ. ನನ್ನ ಕಾಗದದಲ್ಲಿ ಬರೆದ ಮಾತು ಸುಳ್ಳಲ್ಲ, ಇವತ್ತೂ ಅದನ್ನೇ ಹೇಳ್ತೀನಿ. ಆದ್ರೆ ನನ್ನ ಮನೆ ಬಾಗಿಲಿಗೆ ಬಂದಾಗ ಮಾತ್ರ ನನಗೆ ಅದು ಕಂಡಿತ್ತು.”

ಅಮ್ಮಮ್ಮ ಮತ್ತೊಂದು ಕಾಯಿ ಕತ್ತಿಗೆ ಒತ್ತಿದರು. ಸಿಪ್ಪೆ ಎರಡು ಹೋಳಾಗಿ ಬಿತ್ತು.

ಮಾತು ಅಲ್ಲಿಂದ ಮಂಗಳಯಾನಕ್ಕೆ ಹಾರಿತು. 2014ರ ಸೆಪ್ಟೆಂಬರ್ 24ರಂದು ಬೆಂಗಳೂರಿನ ಇಸ್ರೊ ಕೇಂದ್ರದಿಂದ ನಿಯಂತ್ರಿಸುತ್ತಿದ್ದ ನೌಕೆ ಮಂಗಳನ ಕಕ್ಷೆ ಸೇರಿತು. ಕೆಲವೇ ದಿನಗಳಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ಒಂದು ವ್ಯಂಗ್ಯಚಿತ್ರ ಹಾಕಿತು. ಬಾಹ್ಯಾಕಾಶದ ಗಣ್ಯರ ಕ್ಲಬ್ಬಿನೊಳಗೆ ಸೂಟು ಹಾಕಿದವರು ಪೇಪರ್ ಓದುತ್ತ ಕೂತಿದ್ದಾರೆ. ಹೊರಗೆ ರುಮಾಲು ಸುತ್ತಿದ ರೈತನೊಬ್ಬ ದನ ಹಿಡಿದುಕೊಂಡು ಬಾಗಿಲು ಬಡಿಯುತ್ತಿದ್ದಾನೆ. ಭಾರತದ ಓದುಗರು ದೊಡ್ಡ ಸಂಖ್ಯೆಯಲ್ಲಿ ಪ್ರತಿಭಟಿಸಿದರು. ಪತ್ರಿಕೆಯ ಸಂಪಾದಕೀಯ ಪುಟದ ಮುಖ್ಯಸ್ಥ ಆಂಡ್ರ್ಯೂ ರೋಸೆಂತಾಲ್ ಕ್ಷಮೆ ಕೇಳಿದರು. ಬಾಹ್ಯಾಕಾಶ ಈಗ ಶ್ರೀಮಂತ ಪಾಶ್ಚಾತ್ಯ ದೇಶಗಳ ಸ್ವತ್ತಾಗಿ ಉಳಿದಿಲ್ಲ ಎನ್ನುವುದೇ ಚಿತ್ರಕಾರನ ಉದ್ದೇಶವಾಗಿತ್ತು ಎಂದೂ ವಿವರಿಸಿದರು.

“ಆ ಚಿತ್ರ ಕ್ಲಾಸಲ್ಲಿ ತೋರಿಸಿದ್ರು,” ಎಂದಳು ಮೊಮ್ಮಗಳು. “ದನ ಇದ್ದದ್ದು ಅವಮಾನ ಅಂತ ಎಲ್ಲರೂ ಅಂದ್ರು. ನನಗೆ ಹಾಗನಿಸಲಿಲ್ಲ. ನಮ್ಮ ಕೊಟ್ಟಿಗೇಲೂ ದನ ಇದೆ. ದನ ಸಾಕಿದ ಮನೆಯಿಂದ ಇಸ್ರೊಗೆ ಹೋದವರೂ ಇರ್ತಾರೆ. ಅದು ಹೆಮ್ಮೆ ಅಲ್ವಾ? ನನಗೆ ಚುಚ್ಚಿದ್ದು ಬಾಗಿಲು. ನಾವು ಹೊರಗೆ ನಿಂತು ಬಡೀಬೇಕು, ಅವರು ಒಳಗಿಂದ ತೆಗೀಬೇಕು. ಮಂಗಳಕ್ಕೆ ಹೋಗಕ್ಕೆ ಅವರ ಬಾಗಿಲು ಯಾಕೆ?”

ಅಜ್ಜಯ್ಯ ಮೊಮ್ಮಗಳ ಮುಖವನ್ನೇ ನೋಡಿದರು. ಒಳ್ಳೆಯ ವಿದ್ಯಾರ್ಥಿ ಸಿಕ್ಕಿದಾಗ ಮೇಷ್ಟ್ರುಗಳ ಕಣ್ಣಿಗೆ ಬರುವ ಹೊಳಪು ಅದು. “ಇದು ಓದು ಅಂದ್ರೆ. ಎಲ್ಲಿ ನೋವಾಯ್ತು ಅಂತ ಬೆರಳಿಟ್ಟು ತೋರಿಸ್ದೆ ನೋಡು,” ಎಂದರು.

ಹೀಗೆ ಬೆರಳಿಟ್ಟು ತೋರಿಸಿದ ಸಿಟ್ಟಿನ ಇನ್ನೊಂದು ಉದಾಹರಣೆ 2012ರ ಮೇ ತಿಂಗಳಿನದು. ಎನ್‌ಸಿಇಆರ್‌ಟಿಯ ಹನ್ನೊಂದನೆಯ ತರಗತಿಯ ಪುಸ್ತಕದಲ್ಲಿ ವ್ಯಂಗ್ಯಚಿತ್ರಕಾರ ಶಂಕರ್ 1949ರಲ್ಲಿ ಬರೆದ ಚಿತ್ರವೊಂದಿತ್ತು. ಸಂವಿಧಾನ ಎಂಬ ಬಸವನಹುಳುವಿನ ಮೇಲೆ ಅಂಬೇಡ್ಕರ್ ಚಾಟಿ ಹಿಡಿದು ಕೂತಿದ್ದಾರೆ, ಹಿಂದೆ ನೆಹರೂ ಕೂಡ ಚಾಟಿ ಬೀಸುತ್ತಿದ್ದಾರೆ. ಸಂವಿಧಾನದ ಕೆಲಸ ನಿಧಾನವಾಯಿತು ಎಂದು 1949ರ ಓದುಗನಿಗೆ ಅದು ಹೇಳಿತು. 2012ರಲ್ಲಿ ನೋಡಿದ ದಲಿತರಿಗೆ ಅದು ಬೇರೆಯೇ ಆಗಿ ಕಂಡಿತು. ಬ್ರಾಹ್ಮಣ ಪ್ರಧಾನಿಯೊಬ್ಬ ಬಾಬಾಸಾಹೇಬರ ಬೆನ್ನ ಹಿಂದೆ ಚಾಟಿ ಎತ್ತಿದ ಚಿತ್ರ, ಅದೂ ಮಕ್ಕಳ ಪುಸ್ತಕದಲ್ಲಿ. ಸಂಸತ್ತಿನಲ್ಲಿ ಗದ್ದಲವಾಯಿತು. ಸಲಹೆಗಾರರಾಗಿದ್ದ ಯೋಗೇಂದ್ರ ಯಾದವ್ ಮತ್ತು ಸುಹಾಸ್ ಪಳಶೀಕರ್ ರಾಜೀನಾಮೆ ಕೊಟ್ಟರು. ಪುಣೆಯಲ್ಲಿ ಪಳಶೀಕರ್ ಅವರ ಕಚೇರಿಗೆ ನುಗ್ಗಿ ಹಾಳುಗೆಡವಿದರು. ಆ ನುಗ್ಗಾಟವನ್ನು ಯಾರೂ ಒಪ್ಪಲಾರರು. ಆದರೆ ಆ ಚಾಟಿ ಯಾರ ಮೇಲೆ ಬೀಳುತ್ತಿದೆ ಎಂದು ಕೇಳುವ ದಲಿತ ಹುಡುಗನ ಪ್ರಶ್ನೆ ಸರಿಯಾದದ್ದೇ. ಗೆರೆ ಅರವತ್ತಮೂರು ವರ್ಷದಿಂದ ಹಾಗೆಯೇ ಇತ್ತು. ಅದರ ಮುಂದೆ ಬಂದು ನಿಂತ ಓದುಗ ಹೊಸಬನಾಗಿದ್ದ. ಹಿಂದೆ ಅವನಿಗೆ ಆ ಪುಸ್ತಕ ಇರಲಿ, ಶಾಲೆಯ ಬೆಂಚೂ ಸಿಕ್ಕಿರಲಿಲ್ಲ. ಅದೇ ಪಾಠದಲ್ಲಿ ಇದನ್ನು ಚರ್ಚೆ ಮಾಡಿಸಬಹುದಿತ್ತು. ಚಿತ್ರವನ್ನೇ ತೆಗೆದು ಆ ಅವಕಾಶ ಕಳೆದರು.

“ಹಾಗಾದ್ರೆ ‘ನಮ್ಮ ನಾಯಕರಿಗೆ ಅವಮಾನ’ ಅಂತ ಬರೆದವನ ಸಿಟ್ಟನ್ನೂ ನಾನು ಒಪ್ಪಬೇಕಾ?” ಮೊಮ್ಮಗಳ ದನಿ ಏರಿತು.

“ಬರೆದನಲ್ಲ, ಅದು ಸರಿ. ಅಂಚಿನಲ್ಲಿ ಬರೆಯೋದು ಓದುಗನ ಹಕ್ಕು. ನೀನು ಉತ್ತರ ಕೊಡಬೇಕು. ಆದ್ರೆ ಫೋನು ಮಾಡಿ ತೆಗೆಸಿದವರು ಇದಾರಲ್ಲ, ಅವರು ನಿನ್ನ ಹಾಳೆ ನೋಡಿದ್ರಾ?”

“ಇಲ್ವಂತೆ. ಯಾರೋ ಹೇಳಿದ್ದು ಕೇಳಿ ಫೋನ್ ಮಾಡಿದ್ರಂತೆ.”

“ಹಾಂ. ಅವರು ಓದುಗರಲ್ಲ ಮಗಾ. ಓದುಗನ ಸಿಟ್ಟಿನ ಅಂಗಿ ಹಾಕ್ಕೊಂಡು ಬಂದ ಅಧಿಕಾರ ಅದು.”

ಈ ಎರಡನ್ನು ಬೇರೆ ಮಾಡಿ ನೋಡದಿದ್ದರೆ ವ್ಯಂಗ್ಯಚಿತ್ರದ ಚರಿತ್ರೆಯೇ ಅರ್ಥವಾಗುವುದಿಲ್ಲ. 1831ರಲ್ಲಿ ಪ್ಯಾರಿಸ್ಸಿನ ಷಾರ್ಲ್ ಫಿಲಿಪೋನ್ ಕಟಕಟೆಯಲ್ಲಿ ನಿಂತು, ರಾಜ ಲೂಯಿ ಫಿಲಿಪ್‌ನ ಮುಖ ನಾಲ್ಕೇ ಹೆಜ್ಜೆಯಲ್ಲಿ ಪಿಯರ್ ಹಣ್ಣಾಗುವುದನ್ನು ಬರೆದು ತೋರಿಸಿದ. ಹಣ್ಣು ರಾಜನನ್ನು ಹೋಲಿದರೆ ತಪ್ಪು ಯಾರದ್ದು ಎನ್ನುವುದು ಅವನ ವಾದ. ಶಿಕ್ಷೆ ತಪ್ಪಲಿಲ್ಲ. ಊರಿನ ಮಕ್ಕಳು ಗೋಡೆ ಗೋಡೆಗೂ ಪಿಯರ್ ಹಣ್ಣು ಬರೆದರು. ಅಮೆರಿಕದಲ್ಲಿ 1870ರ ದಶಕದಲ್ಲಿ ಥಾಮಸ್ ನಾಸ್ಟ್ ನ್ಯೂಯಾರ್ಕಿನ ಭ್ರಷ್ಟ ಮುಖಂಡ ಟ್ವೀಡ್‌ನನ್ನು ವಾರ ವಾರ ಬರೆದಾಗ, ತನ್ನ ಮತದಾರರಿಗೆ ಓದು ಬರುವುದಿಲ್ಲ, ಆದರೆ ಚಿತ್ರ ಕಾಣುತ್ತದಲ್ಲ ಎಂದು ಟ್ವೀಡ್ ಕಳವಳಪಟ್ಟದ್ದು ಪ್ರಸಿದ್ಧ. ಅಕ್ಷರ ಬಾರದ ಅಮ್ಮಮ್ಮನಂಥವರೇ ಅವನಿಗೆ ಭಯ ಹುಟ್ಟಿಸಿದ ಓದುಗರು.

ನಮ್ಮಲ್ಲಿ ನೆಹರೂ ತಮ್ಮನ್ನೂ ಬಿಡಬೇಡಿ ಎಂದು ಶಂಕರ್‌ಗೆ ಹೇಳಿದ್ದರು. ಆ ಶಂಕರ್ ನಡೆಸುತ್ತಿದ್ದ ‘ಶಂಕರ್ಸ್ ವೀಕ್ಲಿ’ 1975ರಲ್ಲಿ, ನೆಹರೂ ಅವರ ಮಗಳು ತುರ್ತುಪರಿಸ್ಥಿತಿ ಹೇರಿದ ವರ್ಷವೇ ನಿಂತಿತು. ಅದೇ ವರ್ಷದ ಡಿಸೆಂಬರಿನಲ್ಲಿ ಅಬು ಅಬ್ರಹಾಂ ಬರೆದ ಚಿತ್ರದಲ್ಲಿ ರಾಷ್ಟ್ರಪತಿ ಸ್ನಾನದ ತೊಟ್ಟಿಯಲ್ಲಿ ಕೂತೇ ಸುಗ್ರೀವಾಜ್ಞೆಗೆ ಸಹಿ ಹಾಕಿ ಕೊಡುತ್ತಿದ್ದರು. ಇವತ್ತಿಗೂ ಆ ಎರಡು ವರ್ಷವನ್ನು ಅಷ್ಟು ಚಿಕ್ಕದಾಗಿ ಹೇಳಿದ ಬರಹ ಇನ್ನೊಂದಿಲ್ಲ. 1987ರಲ್ಲಿ ತಮಿಳುನಾಡಿನ ವಿಧಾನಸಭೆ ಒಂದು ಮುಖಪುಟದ ಚಿತ್ರಕ್ಕಾಗಿ ‘ಆನಂದ ವಿಕಟನ್’ ಸಂಪಾದಕ ಎಸ್. ಬಾಲಸುಬ್ರಮಣಿಯನ್ ಅವರಿಗೆ ಮೂರು ತಿಂಗಳ ಸಜೆ ವಿಧಿಸಿತು. ಕೆಲವೇ ದಿನಗಳಲ್ಲಿ ಬಿಡಬೇಕಾಯಿತು. ಮುಂದೆ ಹೈಕೋರ್ಟು ಅವರಿಗೆ 1000 ರೂಪಾಯಿ ಪರಿಹಾರ ಕೊಡಿಸಿತು.

“ಬರೆದವರ ಕತೆ ಬಿಡಿ ಅಜ್ಜಯ್ಯ. ಬರೀ ನೋಡಿದವರನ್ನೂ ಹಿಡಿದಿದಾರೆ,” ಎಂದಳು ಮೊಮ್ಮಗಳು. “ಜಾದವಪುರದ ಪ್ರೊಫೆಸರು ಅಂಬಿಕೇಶ್ ಮಹಾಪಾತ್ರ. ಮಮತಾ ಬ್ಯಾನರ್ಜಿ ಮೇಲಿನ ಒಂದು ಕಾರ್ಟೂನನ್ನ ಇಮೇಲಲ್ಲಿ ಮುಂದೆ ಕಳಿಸಿದ್ರು, ಅಷ್ಟೇ. 2012ರಲ್ಲಿ ಅರೆಸ್ಟ್ ಮಾಡಿದ್ರು. ಕೇಸಿಂದ ಬಿಡುಗಡೆ ಆಗಿದ್ದು 2023ರಲ್ಲಿ.”

“ಹನ್ನೊಂದು ವರ್ಷ!” ಅಮ್ಮಮ್ಮನ ಕೈ ಒಂದು ಕ್ಷಣ ನಿಂತಿತು. “ಒಂದು ಅಡಿಕೆ ಸಸಿ ನೆಟ್ಟು ಗೊನೆ ಬಿಡೋದಕ್ಕಿಂತ ಜಾಸ್ತಿ ಆಯ್ತಲ್ಲೇ.”

ಅದೇ 2012ರಲ್ಲಿ ಮುಂಬೈಯಲ್ಲಿ ವ್ಯಂಗ್ಯಚಿತ್ರಕಾರ ಅಸೀಮ್ ತ್ರಿವೇದಿಯ ಮೇಲೆ ಅವನ ಚಿತ್ರಗಳಿಗಾಗಿ ರಾಜದ್ರೋಹದ ಕೇಸು ಬಿತ್ತು. 2015ರಲ್ಲಿ ಬಾಂಬೆ ಹೈಕೋರ್ಟು ಆ ಚಿತ್ರಗಳನ್ನು ನೋಡಿ, ಇವುಗಳಲ್ಲಿ ವಿನೋದವೂ ಇಲ್ಲ, ವ್ಯಂಗ್ಯವೂ ಇಲ್ಲ ಎಂದಿತು. ಹಾಗೆಂದ ಮಾತ್ರಕ್ಕೆ ಅವನ ಮಾತಿನ ಸ್ವಾತಂತ್ರ್ಯ ಕಸಿಯುವಂತಿಲ್ಲ ಎಂದೂ ಹೇಳಿತು. ಅಜ್ಜಯ್ಯನಿಗೆ ಈ ತೀರ್ಪು ಬಹಳ ಹಿಡಿಸಿದೆ. ಚಿತ್ರ ಚೆನ್ನಾಗಿಲ್ಲ ಎಂದು ಮುಖಕ್ಕೆ ಹೇಳುವುದು, ಬರೆಯುವ ಕೈಯನ್ನು ಬಿಡುವುದು, ಎರಡನ್ನೂ ಒಂದೇ ಉಸಿರಿನಲ್ಲಿ ಮಾಡಿದ ಓದುಗನಾಗಿ ಆ ಕೋರ್ಟು ಅವರಿಗೆ ಕಂಡಿದೆ. ಡ್ರಾಯಿಂಗ್ ಮೇಷ್ಟ್ರಾಗಿ ಅವರು ಮಾಡಿಕೊಂಡು ಬಂದದ್ದೂ ಅದನ್ನೇ.

“ಘಟ್ಟದ ಕೆಳಗೆ ಕುಂದಾಪುರದಲ್ಲಿ ಸತೀಶ್ ಆಚಾರ್ಯ ಇದಾರೆ. 2018ರಲ್ಲಿ ಡೆಲ್ಲಿ ಪತ್ರಿಕೆಯೊಂದು ಅವರ ಚಿತ್ರ ಹಾಕಲ್ಲ ಅಂತು, ಕೆಲಸವೂ ಹೋಯ್ತು. ಅವರೇನು ಬರೆಯೋದು ಬಿಟ್ರಾ? ಕುಂದಾಪುರದಲ್ಲೇ ಕೂತು ಬರೀತಾರೆ, ಊರಲ್ಲಿ ಕಾರ್ಟೂನು ಹಬ್ಬ ಮಾಡ್ತಾರೆ. ನಮ್ಮ ಪಕ್ಕದ ಶೃಂಗೇರಿಯವರೇ ರಘುಪತಿ ಶೃಂಗೇರಿ ಬರೀತಾರೆ. ಬೆಂಗಳೂರಲ್ಲಿ ವಿ.ಜಿ. ನರೇಂದ್ರ ವ್ಯಂಗ್ಯಚಿತ್ರಕಾರರ ಸಂಸ್ಥೆ ಕಟ್ಟಿ ಗ್ಯಾಲರಿ ಮಾಡಿದಾರೆ. ಗೋಡೆ ನಿನ್ನ ಕಾಲೇಜಿನದ್ದು ಒಂದೇ ಅಲ್ಲ.”

“ಗೋಡೆ ಹೋಗಿದ್ದಕ್ಕೆ ಬೇಜಾರಿಲ್ಲ ಅಜ್ಜಯ್ಯ,” ಎಂದಳು ಅವಳು, ಹಾಳೆಯ ಅಂಚನ್ನು ಸವರುತ್ತ. “ಇನ್ನೂ ಎರಡು ದಿನ ಇದ್ದಿದ್ರೆ ಇಲ್ಲಿ ಇನ್ನೂ ಎಷ್ಟು ಜನ ಬರೀತಿದ್ರೋ ಅಂತ.”

ಚಪ್ಪರದಲ್ಲಿ ಸ್ವಲ್ಪ ಹೊತ್ತು ಸಿಪ್ಪೆ ಬೀಳುವ ಸದ್ದೊಂದೇ. ಆಮೇಲೆ ಅವಳು ಎದ್ದು ಒಳಗಿಂದ ಹೊಸ ಹಾಳೆ, ಪೆನ್ಸಿಲು ತಂದಳು. ಬೆಂಚಿನ ತುದಿಯಲ್ಲಿ ಹಾಳೆ ಹರಡಿ ಮೊದಲು ಸುತ್ತಲೂ ನಾಲ್ಕು ಬೆರಳು ಅಗಲದ ಅಂಚು ಬಿಟ್ಟು ಗೆರೆ ಎಳೆದಳು. ಮುಸಿಯದ ಮುಖಕ್ಕೆ ಕಪ್ಪು ತುಂಬಿದಳು. ಅಜ್ಜಯ್ಯ ಬಾಲದ ಬಾಗು ಗಾಳಿಯಲ್ಲಿ ಬೆರಳಾಡಿಸಿ ತೋರಿಸಿದರು.

ಕೊನೆಯ ಅಡಿಕೆ ಸುಲಿದಾಯಿತು. ಅಮ್ಮಮ್ಮ ಸೊಂಟ ಹಿಡಿದುಕೊಂಡು ಎದ್ದು ಬಂದು ಮೊಮ್ಮಗಳ ಭುಜದ ಮೇಲಿಂದ ಬಗ್ಗಿ ನೋಡಿದರು. ತುಂಬ ಹೊತ್ತು ನೋಡಿದರು.

“ಅಲ್ವೇ, ತೋಟದವರು ಎಲ್ಲಿ ಇದ್ರಲ್ಲಿ?”

“ಯಾರು?”

“ಮುಸಿಯ ಬಂತು, ಮರ ಬಂತು. ಮರ ಯಾರದ್ದು? ಗೊನೆ ಹೋಗಿದ್ದು ಯಾರಿಗೆ? ಅವರನ್ನೇ ಬರೆದಿಲ್ಲ ನೀನು.”

ಅಜ್ಜಯ್ಯ ಏನೂ ಹೇಳಲಿಲ್ಲ. ಮೊಮ್ಮಗಳು ಪೆನ್ಸಿಲು ಕಚ್ಚಿಕೊಂಡು ಕೂತಳು. ಆಮೇಲೆ ಮರಗಳ ಬುಡದಲ್ಲಿ, ಬಲಗಡೆಗೆ, ಒಂದು ಸಣ್ಣ ಆಕೃತಿ ಮೂಡತೊಡಗಿತು. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿದ, ತಲೆಗೆ ಹಾಳೆ ಟೊಪ್ಪಿ ಇಟ್ಟ ಹೆಂಗಸೊಬ್ಬಳು ಕತ್ತೆತ್ತಿ ಮೇಲೆ ನೋಡುತ್ತಿದ್ದಾಳೆ.

“ಇದು ನಾನಾ?” ಎಂದು ಅಮ್ಮಮ್ಮ ಕೇಳಿದರು.

“ಹೂಂ.”

“ಹಾಗಾದ್ರೆ ಕೈಯಲ್ಲೊಂದು ಡಬ್ಬ ಕೊಡು. ಬಡಿಯಕ್ಕೆ ಕೋಲು. ಬಾಯಿನೂ ತೆರೆದಿರ್ಲಿ. ಮುಸಿಯ ಬಂದಾಗ ನಾನು ಯಾವತ್ತು ಸುಮ್ನೆ ನಿಂತಿದೀನಿ?”

ಪೆನ್ಸಿಲು ಡಬ್ಬದ ಕಡೆಗೆ ಹೊರಳಿತು. ಅಜ್ಜಯ್ಯ ದೀಪವನ್ನು ಹಾಳೆಯ ಹತ್ತಿರಕ್ಕೆ ಎಳೆದರು.